ಎಡಗೈ ಪಾದ್ರಿ

ಐವತ್ತು ವರ್ಷಗಳಿಂದ ನಾನು ನನ್ನ ಊರು ಕ್ಲೆನೊವೊ ಒಂದನ್ನು ಬಿಟ್ಟು ಬೇರೇನನ್ನೂ ಚಿತ್ರಿಸಿಲ್ಲ. ಈ ಮಾತನ್ನು ಪತ್ರಿಕೆಯವರಿಗೆ ಎಷ್ಟು ಸಲ ಹೇಳಿದ್ದೇನೆಂದರೆ, ಈಗ ಬಾಯಿ ತೆರೆಯುವ ಮೊದಲೇ ಧ್ವನಿ ಭಾರವಾಗುತ್ತದೆ, ಕಣ್ಣು ತಾನಾಗಿ ಕಿಟಕಿಯ ಕಡೆ ಹೋಗುತ್ತದೆ. ಕಿಟಕಿಯಾಚೆ ಇರುವುದು ಜಾಗ್ರೆಬ್ ನಗರದ ಟ್ರಾಮ್ ಡಿಪೋ. ಕ್ಲೆನೊವೊದ ಕೆಸರು, ಬಾತುಕೋಳಿಗಳು, ದ್ರಾವಾ ನದಿಯ ಮಂಜು, ಹೆಂಚಿನ ಮೇಲೆ ಕೂತ ಕಾಗೆ, ಎಲ್ಲವನ್ನೂ ನಾನು ಬರೆದದ್ದು ನಾಲ್ಕನೇ ಮಹಡಿಯ ಫ್ಲಾಟಿನಲ್ಲಿ, ಉಣ್ಣೆಯ ಚಪ್ಪಲಿ ಹಾಕಿಕೊಂಡು. ಸಂದರ್ಶನಕ್ಕೆ ಯಾರಾದರೂ ಬಂದಾಗ ಅಪ್ಪನ ಹಳೆಯ ಟೋಪಿ ತಲೆಗೇರುತ್ತದೆ. ಅದೇ ಟೋಪಿ ಹಾಕಿಕೊಂಡು ಕ್ಲೆನೊವೊಗೆ ಹೋದರೆ ನಾಯಿಗಳು ಬೊಗಳುತ್ತವೆ. ಅಲ್ಲಿ ಈಗ ಎಲ್ಲರ ತಲೆಯ ಮೇಲೂ ಟ್ರ್ಯಾಕ್ಟರ್ ಕಂಪನಿ ಪುಕ್ಕಟೆ ಕೊಟ್ಟ ಕ್ಯಾಪು.

ಊರಿಗೆ ವರ್ಷಕ್ಕೆರಡು ಸಲ ಹೋಗುತ್ತೇನೆ, ಈಸ್ಟರಿಗೊಮ್ಮೆ, ಸತ್ತವರ ಸಮಾಧಿಗೆ ದೀಪ ಇಡುವ ಸಕಲ ಸಂತರ ಹಬ್ಬಕ್ಕೊಮ್ಮೆ. ಹುಲ್ಲು ಕೊಯ್ಯುವ ಕಾಲದಲ್ಲಿ ಕಾಲಿಡುವುದಿಲ್ಲ. ಒಣಹುಲ್ಲಿನ ದೂಳಿಗೆ ನನಗೆ ಸೀನು ಹತ್ತಿಕೊಂಡರೆ ಮೂರು ದಿನ ಬಿಡುವುದಿಲ್ಲ. ನನ್ನ ಚಿತ್ರಗಳಲ್ಲಿ ಹುಲ್ಲಿನ ಬಣವೆಗಳಿಗೇನೂ ಬರವಿಲ್ಲ, ಒಂದು ಬಣವೆಯಂತೂ ವಿಯೆನ್ನಾದ ಬ್ಯಾಂಕೊಂದರ ಗೋಡೆಯ ಮೇಲಿದೆ.

ಆ ವರ್ಷ ಅಕ್ಟೋಬರಿನ ಕೊನೆಯ ದಿನ ಬಸ್ಸಿಳಿದೆ. ಅಗ್ನಿಶಾಮಕ ಭವನದ ಮುಂದಿನ ನಾಲ್ಕು ದಾರಿ ಕೂಡುವಲ್ಲಿ ಎಡಕ್ಕೆ ತಿರುಗಿ, ಊರಿನ ಗಾಳಿಯನ್ನು ಎದೆ ತುಂಬ ಎಳೆದುಕೊಳ್ಳುತ್ತ ನಡೆದೆ. ಇನ್ನೂರು ಹೆಜ್ಜೆ ಹೋದ ಮೇಲೆ ಕೊಯ್ಲಾದ ಜೋಳದ ಹೊಲ ಎದುರಾಯಿತು. ಮನೆಯಿಲ್ಲ. ಹಿಂದಿನಿಂದ ಸೈಕಲ್ಲಿನ ಗಂಟೆ ಕೇಳಿಸಿತು. ನನ್ನ ಚಿಕ್ಕಪ್ಪನ ಮಗ ವಾಲೆಂಟ್.

"ಎಲ್ಲಿಗೆ ಹೊರಟ್ರಿ ಸಾಹೇಬ್ರು?" ಎಂದ.

"ಮನೆಗೆ ಕಣೋ."

"ನೀನು ಹುಟ್ಟಿದ ಮನೆ ಆ ಕಡೆ. ಇನ್ನೂ ಮುಂದಕ್ಕೆ ಹೋದ್ರೆ ಹಂಗೇರಿ ಬರುತ್ತೆ, ಪಾಸ್‌ಪೋರ್ಟ್ ತಂದಿದ್ದೀಯಾ?"

ಪ್ರತಿ ಸಲ ಇದೇ ಕತೆ. ಬಲಕ್ಕೆ ತಿರುಗಬೇಕಾದಲ್ಲಿ ಎಡಕ್ಕೆ ತಿರುಗುತ್ತೇನೆ. ವಯಸ್ಸಾಯಿತು ಎಂದು ನಾನು ಹೇಳುತ್ತೇನೆ, ಜಾಗ್ರೆಬಿನ ನೀರು ಕುಡಿದದ್ದು ಎಂದು ಅವನು ಹೇಳುತ್ತಾನೆ. ಆದರೆ ನಲವತ್ತು ವರ್ಷದವನಿದ್ದಾಗಲೂ ಹಾಗೇ ತಿರುಗುತ್ತಿದ್ದೆ.

ಅಂದು ಅಗ್ನಿಶಾಮಕ ಭವನದಲ್ಲಿ ನನಗೆ ಸನ್ಮಾನ. ಊರಿನಲ್ಲಿ ಮದುವೆ, ನೃತ್ಯ, ಚುನಾವಣೆ, ಹಂದಿ ಸಾಕುವವರ ಸಭೆ ಎಲ್ಲ ನಡೆಯುವುದು ಅಲ್ಲೇ. ಬೆಂಕಿ ನಂದಿಸುವ ಗಾಡಿಯನ್ನು ಹೊರಗೆ ನಿಲ್ಲಿಸಿ, ಒಳಗೆ ನನ್ನ ಹನ್ನೆರಡು ಚಿತ್ರಗಳ ಅಚ್ಚುಪ್ರತಿಗಳನ್ನು ತೂಗುಹಾಕಿದ್ದರು. ಬಾಗಿಲಲ್ಲಿ ಒಂದು ಭಿತ್ತಿಪತ್ರ: "ಇಂಬ್ರೊ ಗಾಶ್ಪರೆಕ್, ಕ್ಲೆನೊವೊದ ನೆನಪು." ನನಗೆ ಬಹಳ ಹಿಡಿಸಿತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಇನ್ನೊಮ್ಮೆ ಓದಿದೆ.

ಚಿತ್ರಗಳ ನಡುವೆ, ಎಲ್ಲಕ್ಕಿಂತ ದೊಡ್ಡದಾಗಿ, "ಬಿಳಿ ಪೆಟ್ಟಿಗೆ" ಇತ್ತು.

ಅದರ ಬಗ್ಗೆ ಹೇಳಲೇಬೇಕು. ನನಗೆ ಹತ್ತೊಂಬತ್ತು ವರ್ಷವಾಗಿದ್ದಾಗ ಯಾಲ್ಜಕ್ಕನ ಮಗಳು ಲೆನ್ಕ ಗಂಟಲುಜ್ವರದಲ್ಲಿ ತೀರಿಕೊಂಡಳು. ಮೂರು ವರ್ಷದ ಮಗು. ಯಾಲ್ಜಕ್ಕನ ಗಂಡ ಕಾಡಿನಲ್ಲಿ ಮರ ಕಡಿಯುವಾಗ ಸತ್ತಿದ್ದ. ಅವಳು ಮಗುವನ್ನು ಅತ್ತೆಯ ಕೈಗೊಪ್ಪಿಸಿ ಜರ್ಮನಿಯ ಸ್ಟಟ್‌ಗಾರ್ಟಿಗೆ ಕಾರ್ಖಾನೆ ಕೆಲಸಕ್ಕೆ ಹೋಗಿದ್ದಳು. ತಂತಿ ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಬಂದು ಯಾರನ್ನು ನೋಡಲಿ ಎಂದು ಅವಳು ಅಲ್ಲೇ ಉಳಿದಳು, ಊರು ಅದನ್ನೂ ಆಡಿಕೊಂಡಿತು. ಶವಸಂಸ್ಕಾರದ ದಿನ ಮೆರವಣಿಗೆಯ ಮುಂದೆ ಶಿಲುಬೆ ಹೊತ್ತವನು ನಾನು. ಮನೆಗೆ ಬಂದವನೇ ಸಕ್ಕರೆ ಕಟ್ಟಿದ್ದ ಕಾಗದ ಬಿಚ್ಚಿ, ಅದರ ಮೇಲೆ ಪೆನ್ಸಿಲಿನಲ್ಲಿ ಕಂಡದ್ದನ್ನೆಲ್ಲ ಗೀಚಿದೆ. ಸ್ಮಶಾನದ ಮಣ್ಣಿನ ದಾರಿ, ಎರಡೂ ಪಕ್ಕ ಬೋಳು ಜಾಲಿಮರಗಳು, ಪುಟ್ಟ ಪೆಟ್ಟಿಗೆ, ತೀರ್ಥ ಚಿಮುಕಿಸುವ ಪಾದ್ರಿ. ಆ ಚಿತ್ರ ಜಾಗ್ರೆಬಿನಲ್ಲಿ ಬಹುಮಾನ ಪಡೆಯಿತು. ಅದರ ಹಿಂದೆಯೇ ನಾನೂ ಹೋದೆ. ಊರಿನ ಕೆಸರಿನಿಂದ ನಾನು ಮೇಲೆ ಬಂದದ್ದು ಆ ಮಗುವಿನ ಪೆಟ್ಟಿಗೆಯನ್ನು ಹಿಡಿದುಕೊಂಡೇ. ಇದನ್ನು ಯಾವ ಸಂದರ್ಶನದಲ್ಲೂ ಹೇಳಿಲ್ಲ. ಯಾಲ್ಜಕ್ಕನನ್ನು ಒಂದು ಮಾತು ಕೇಳಲೂ ಇಲ್ಲ. ಅವಳು ಎದುರಿಗೆ ಬಂದರೆ ಟೋಪಿ ಎತ್ತಿ ನಮಸ್ಕರಿಸಿ ಬೇರೆ ಬೀದಿ ಹಿಡಿಯುತ್ತಿದ್ದೆ.

ನಮ್ಮ ಕಡೆ ಚಿತ್ರ ಬರೆಯುವುದು ಗಾಜಿನ ಮೇಲೆ, ಅದೂ ಗಾಜಿನ ಬೆನ್ನಿನ ಮೇಲೆ. ಗೀಟು ಹಾಕಿದ ಕಾಗದವನ್ನು ಕೆಳಗಿಟ್ಟು, ಮೇಲೆ ಗಾಜಿಟ್ಟು, ಕಾಣುವ ಗೆರೆಯ ಮೇಲೆ ಬಣ್ಣ ಹಚ್ಚುವುದು. ಎಲ್ಲ ಹಿಂದುಮುಂದು. ಮೊದಲು ಹುಬ್ಬು, ಆಮೇಲೆ ಮುಖ. ಮೊದಲು ಗುಂಡಿ, ಆಮೇಲೆ ಅಂಗಿ. ಕೊನೆಗೆ ಆಕಾಶ. ಮುಗಿದ ಮೇಲೆ ಗಾಜನ್ನು ತಿರುಗಿಸಿ ಚೌಕಟ್ಟು ಹಾಕಿದರೆ ಆಯಿತು. ತಿರುಗಿಸಿದಾಗ ಎಡಕ್ಕಿದ್ದದ್ದು ಬಲಕ್ಕೆ ಬರುತ್ತದೆ, ಬಲಕ್ಕಿದ್ದದ್ದು ಎಡಕ್ಕೆ ಬರುತ್ತದೆ. ತಿಳಿದವರು ಮೊದಲೇ ಗೀಟನ್ನು ಮಗುಚಿ ಬರೆದುಕೊಳ್ಳುತ್ತಾರೆ. ನಾನು ತಿಳಿದವನಾಗಿರಲಿಲ್ಲ.

ಹೀಗಾಗಿ ನನ್ನ ಮೊದಲ ನಾಲ್ಕು ವರ್ಷದ ಚಿತ್ರಗಳಲ್ಲಿ ಎಲ್ಲರೂ ಎಡಚರು. ಎಡಗೈಯಲ್ಲಿ ಬಿತ್ತುತ್ತಾರೆ, ಎಡಗೈಯಲ್ಲಿ ಹಾಲು ಸುರಿಯುತ್ತಾರೆ, ಎಡಗೈಯಲ್ಲಿ ಹೆಂಡತಿಗೆ ಹೊಡೆಯುತ್ತಾರೆ. ಪ್ಯಾರಿಸಿನ ವಿಮರ್ಶಕರೊಬ್ಬರು ಈ ಎಡಗೈಯ ಮೇಲೆ ಹದಿನಾಲ್ಕು ಪುಟ ಬರೆದರು. ಅದು ಸೋತವರ ಕೈಯಂತೆ, ಇತಿಹಾಸ ಮರೆತವರ ಕೈಯಂತೆ. ಎರಡು ಸಲ ಓದಿದೆ, ಅರ್ಥವಾಗಲಿಲ್ಲ. ಮುಂದಿನ ಸಂದರ್ಶನದಲ್ಲಿ ಅದನ್ನೇ ನನ್ನ ಸ್ವಂತ ವಿಚಾರವೆಂಬಂತೆ ಒಪ್ಪಿಸಿದೆ. ಕೊನೆಗೆ ಒಬ್ಬ ಪಿಟೀಲು ಬಾರಿಸುವವನು ನನ್ನ ಮದುವೆ ಚಿತ್ರ ನೋಡಿ, ಈ ಕಮಾನನ್ನು ಹೀಗೆ ಹಿಡಿಯಲು ಯಾವ ಕತ್ತೆ ಕಲಿಸಿತು ಎಂದು ಕೇಳಿದ. ಅಂದಿನಿಂದ ಕೈಗಳನ್ನು ಸರಿಪಡಿಸಿಕೊಂಡೆ. ಊರನ್ನೂ ಸರಿಪಡಿಸಬೇಕೆಂದು ಹೊಳೆಯಲಿಲ್ಲ.

ಸನ್ಮಾನಕ್ಕೆ ಬರೋಣ. ಭಾಷಣಗಳಾದವು. ಕೆಂಪು ಮೆಣಸಿನ ಪುಡಿ ಬೆರೆಸಿದ ಗಿಣ್ಣು, ಬ್ರೆಡ್ಡು, ಸೋಡಾ ಹಾಕಿದ ವೈನು ಮೇಜಿಗೆ ಬಂದವು. ಎಲ್ಲರೂ ನನ್ನನ್ನು ಬಿಟ್ಟು ಗಿಣ್ಣಿನ ಕಡೆ ಹೋದರು. ಆಗ ಯಾಲ್ಜಕ್ಕ ನೇರವಾಗಿ ನನ್ನ ಹತ್ತಿರ ಬಂದಳು. ಎಪ್ಪತ್ತೇಳು ವರ್ಷ, ಕಡ್ಡಿಯಂಥ ಮೈ, ತಲೆಗೆ ಸ್ಟಟ್‌ಗಾರ್ಟಿನಿಂದ ತಂದ ಹೂವಿನ ವಸ್ತ್ರ. ತಪ್ಪಿಸಿಕೊಳ್ಳಲು ಬೇರೆ ಬೀದಿ ಇರಲಿಲ್ಲ, ಹಿಂದೆ ಗೋಡೆ.

"ಇಂಬ್ರೊ, ನಿಂಗೊಂದು ಮಾತು ಹೇಳ್ಬೇಕು ಅಂತ ಎಷ್ಟೋ ವರ್ಷದಿಂದ ಇದ್ದೆ. ನೀನು ಸಿಕ್ಕೋದೇ ಇಲ್ಲ."

"ಹೇಳು ಯಾಲ್ಜಕ್ಕ," ಎಂದೆ. ಬೈಗುಳ ಬರುತ್ತದೆಂದು ಮೈ ಗಟ್ಟಿ ಮಾಡಿಕೊಂಡೆ.

"ನಿನ್ನ ಈ ಚಿತ್ರ ಇಲ್ದೇ ಹೋಗಿದ್ರೆ ನನ್ನ ಮಗು ಎಲ್ಲಿದೆ ಅಂತಾನೇ ನಂಗೆ ಗೊತ್ತಾಗ್ತಿರಲಿಲ್ಲ ಕಣೋ."



ಅವಳು ಹೇಳಿದ್ದು ಇದು. ಜರ್ಮನಿಯಿಂದ ಅವಳು ಬಂದದ್ದು ಎರಡು ವರ್ಷದ ಮೇಲೆ. ಅಷ್ಟರಲ್ಲಿ ಅತ್ತೆ ಸತ್ತಿದ್ದಳು. ದ್ರಾವಾ ಉಕ್ಕಿ ಸ್ಮಶಾನಕ್ಕೆ ನುಗ್ಗಿ ಮರದ ಶಿಲುಬೆಗಳನ್ನೆಲ್ಲ ಕಿತ್ತುಕೊಂಡು ಹೋಗಿತ್ತು, ಮಣ್ಣಿನ ದಿಬ್ಬಗಳು ನೆಲಸಮವಾಗಿದ್ದವು. ಲೆನ್ಕ ತೀರಿಕೊಂಡ ಚಳಿಗಾಲ ಸ್ಮಶಾನದ ದಾರಿಯ ಕೊನೆಯಲ್ಲಿ ಇಬ್ಬರನ್ನು ಹೂತಿದ್ದರು, ಆಚೆ ಪಕ್ಕ ಒಬ್ಬರು, ಈಚೆ ಪಕ್ಕ ಒಬ್ಬರು. ಒಂದು ಲೆನ್ಕ, ಇನ್ನೊಂದು ಕುದುರೆ ದಲ್ಲಾಳಿ ಮಾರ್ಕುಷ್. ಯಾವ ಕಡೆ ಯಾರು ಎಂದು ಕೇಳಿದರೆ ಅರ್ಧ ಊರು ಎಡ ಎನ್ನುತ್ತಿತ್ತು, ಅರ್ಧ ಊರು ಬಲ. ಮರುವರ್ಷ "ಬಿಳಿ ಪೆಟ್ಟಿಗೆ" ಒಂದು ಕ್ಯಾಲೆಂಡರಿನಲ್ಲಿ ಅಚ್ಚಾಗಿ ಊರಿನ ಅಂಗಡಿಗೆ ಬಂತು. ಅದರಲ್ಲಿ ಪೆಟ್ಟಿಗೆ ದಾರಿಯ ಎಡಕ್ಕಿತ್ತು. ಜಗಳ ಮುಗಿಯಿತು.

"ಎಲ್ರೂ ಹೇಳಿದ್ರು, ಇಂಬ್ರೊ ಶಿಲುಬೆ ಹೊತ್ತೋನು, ಕಣ್ಣಾರೆ ಕಂಡೋನು, ಅವನಿಗಿಂತ ಯಾರಿಗೆ ಗೊತ್ತಿರುತ್ತೆ ಅಂತ. ಆ ಪುಟ ಹರಿದು ಇಟ್ಕೊಂಡಿದ್ದೀನಿ. ಪ್ರತಿ ಹಬ್ಬಕ್ಕೂ ಅಲ್ಲೇ ದೀಪ ಇಡ್ತೀನಿ, ಹುಟ್ಟಿದ ದಿನಕ್ಕೂ ಇಡ್ತೀನಿ. ಈಗ ಪಕ್ಕದ ಜಾಗ ನಂಗೂ ಬರೆಸ್ಕೊಂಡಿದ್ದೀನಿ. ಸೋಮವಾರ ಕಲ್ಲಿನವರು ಬರ್ತಾರೆ, ಇಬ್ಬರ ಹೆಸರೂ ಒಂದೇ ಕಲ್ಲಲ್ಲಿ. ಅಷ್ಟಾದ್ರೆ ಸಾಕು, ಇನ್ನು ಯಾವಾಗ ಕರೆದ್ರೂ ಹೋಗೋಕೆ ತಯಾರು."

ನನ್ನ ಕೈಯನ್ನು ಎರಡು ಕೈಯಲ್ಲಿ ಹಿಡಿದು ಅದುಮಿದಳು. ನನಗೆ ಕಣ್ಣು ತುಂಬಿ ಬಂತು. ಸುಳ್ಳೇಕೆ ಹೇಳಲಿ, ಅವಳಿಗಾಗಿ ಅಲ್ಲ, ನನಗಾಗಿಯೇ. ನನ್ನ ಕಲೆ ಒಬ್ಬ ತಾಯಿಗೆ ಅವಳ ಮಗುವನ್ನು ಹಿಂದಿರುಗಿಸಿದೆ ಎಂಬ ವಾಕ್ಯ ಅಲ್ಲೇ ತಲೆಯಲ್ಲಿ ತಯಾರಾಯಿತು. ಮುಂದಿನ ಸಂದರ್ಶನದಲ್ಲಿ ಎಲ್ಲಿ ನಿಲ್ಲಿಸಿ ಉಸಿರೆಳೆದುಕೊಳ್ಳಬೇಕು ಎಂಬುದನ್ನೂ ಯೋಚಿಸಿದೆ.

ಅಷ್ಟರಲ್ಲಿ ನಮ್ಮ ಹೊಸ ಪಾದ್ರಿ ಫಾದರ್ ದಾಮ್ಯಾನ್ ವೈನಿನ ಲೋಟ ಹಿಡಿದು ಬಂದು ಚಿತ್ರದ ಮುಂದೆ ನಿಂತರು. ಮೂವತ್ತರ ಹುಡುಗ, ಎಲ್ಲವನ್ನೂ ಕುತೂಹಲದಿಂದ ಕೇಳುವ ಸ್ವಭಾವ.

"ಮೇಷ್ಟ್ರೇ, ಒಂದು ಸಂಶಯ. ಆಗಿದ್ದ ಪಾದ್ರಿ ಎಡಚರಾಗಿದ್ರಾ? ಎಡಗೈಯಲ್ಲಿ ತೀರ್ಥ ಚಿಮುಕಿಸ್ತಿದ್ದಾರೆ. ನಮಗಾದ್ರೆ ಸೆಮಿನರಿಯಲ್ಲಿ ಬಿಡ್ತಿರಲಿಲ್ಲ."

ಗಿಣ್ಣು ತಿನ್ನುತ್ತಿದ್ದ ವಾಲೆಂಟ್ ನಕ್ಕ. "ಇವನ ಚಿತ್ರದಲ್ಲಿ ಎಲ್ರೂ ಎಡಚರೇ ಫಾದರ್. ಗಾಜು ತಿರುಗಿಸಿದ ಮೇಲೆ ಹಾಗಾಗುತ್ತೆ. ಪೋಪ್ ಬಂದ್ರೂ ಎಡಗೈಯಲ್ಲೇ ಆಶೀರ್ವಾದ ಮಾಡ್ಬೇಕು."

ಎಲ್ಲರೂ ನಕ್ಕರು. ಯಾಲ್ಜಕ್ಕನೂ ನಕ್ಕಳು. ನಾನೂ ಹುಳ್ಳಗೆ ನಗಲು ಹೊರಟೆ. ಕಣ್ಣು ಪಾದ್ರಿಯ ಕೈಯಿಂದ ಪೆಟ್ಟಿಗೆಗೆ ಜಾರಿತು.

ಪಾದ್ರಿಯ ಕೈ ತಿರುಗಿದ್ದರೆ ಪೆಟ್ಟಿಗೆಯೂ ತಿರುಗಿದೆ.

ತಲೆನೋವೆಂದು ಹೇಳಿ ಹೊರಬಿದ್ದೆ. ವಾಲೆಂಟನ ಮನೆಗೆ ಬಂದು, ಅವನ ಹೆಂಡತಿ ಗೋಡೆಗೆ ಮೊಳೆ ಹೊಡೆದಿಟ್ಟಿದ್ದ ಅದೇ ಹಳೆಯ ಕ್ಯಾಲೆಂಡರ್ ಪುಟವನ್ನು ಕಿತ್ತುಕೊಂಡು ಬಚ್ಚಲುಮನೆಗೆ ನುಗ್ಗಿ, ಕನ್ನಡಿಯ ಮುಂದೆ ಹಿಡಿದೆ.

ಕನ್ನಡಿಯಲ್ಲಿ ಪಾದ್ರಿಯ ಬಲಗೈ ಮೇಲೆದ್ದಿತು. ಪೆಟ್ಟಿಗೆ ದಾರಿಯ ಬಲಕ್ಕೆ ಹೋಯಿತು. ಅದನ್ನು ನೋಡುತ್ತಲೇ ನನ್ನ ಮುಖಕ್ಕೆ ಗಾಳಿ ಹೊಡೆಯಿತು. ಬಚ್ಚಲಿನ ಕಿಟಕಿ ಮುಚ್ಚಿತ್ತು, ಹೊಡೆದದ್ದು ಆ ದಿನದ ಗಾಳಿ. ಸ್ಮಶಾನದ ಬಾಗಿಲಿಂದ ಒಳಗೆ ಹೋದರೆ ದ್ರಾವಾ ಇರುವುದು ಬಲಕ್ಕೆ. ಗುಂಡಿಯ ಕಡೆ ಮುಖ ಮಾಡಿ ಶಿಲುಬೆ ಹಿಡಿದು ನಿಂತಾಗ ನದಿಯ ಗಾಳಿ ನೇರವಾಗಿ ಮುಖಕ್ಕೇ ಬರುತ್ತಿತ್ತು. ಕಣ್ಣಲ್ಲಿ ನೀರು ಬಂದರೆ ಅಳುತ್ತಿದ್ದೇನೆಂದು ಜನ ತಿಳಿದಾರು ಎಂದು ನಾಚಿದ್ದೆ. ಎಡಕ್ಕೆ ಹೂತಿದ್ದರೆ ಗಾಳಿ ನನ್ನ ಬೆನ್ನಿಗೆ ಬೀಸಬೇಕಿತ್ತು. ಅದೊಂದೇ ಅಲ್ಲ, ಎಲ್ಲವೂ ಒಂದರ ಹಿಂದೊಂದು ತಮ್ಮ ಜಾಗಕ್ಕೆ ಬಂದು ನಿಂತವು. ನಮ್ಮ ಮನೆ ಬಲಕ್ಕೆ, ಅಗಸೆ ನಾರು ನೆನೆಹಾಕುವ ಕೆರೆ ಎಡಕ್ಕೆ, ಗಂಟೆಗೋಪುರ ಅಂಗಡಿಯ ಆಚೆ. ಐವತ್ತು ವರ್ಷ ನಾನು ನೆನಪಿಸಿಕೊಂಡದ್ದು ಕ್ಲೆನೊವೊವನ್ನಲ್ಲ, ನನ್ನ ಗಾಜುಗಳನ್ನು. ಹಳೆಯ ಚಿತ್ರ ನೋಡಿ ಹೊಸದು, ಹೊಸದನ್ನು ನೋಡಿ ಮತ್ತೊಂದು. ನನ್ನ ಸ್ವಂತ ಊರನ್ನು ಇಷ್ಟು ವರ್ಷದ ಮೇಲೆ ಮೊದಲ ಸಲ ಸರಿಯಾಗಿ ಕಂಡೆ, ವಾಲೆಂಟನ ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿ.

ಬಾಗಿಲು ತೆಗೆದಾಗ ವಾಲೆಂಟ್ ನಿಂತಿದ್ದ. ನನ್ನ ಮುಖ ನೋಡಿ ತಮಾಷೆ ಬಿಟ್ಟ. ಹೇಳಿದೆ. ಅವನು ಬಹಳ ಹೊತ್ತು ಕ್ಯಾಲೆಂಡರನ್ನು ಕನ್ನಡಿಗೆ ಹಿಡಿದು, ತೆಗೆದು, ಮತ್ತೆ ಹಿಡಿದು ನೋಡಿದ.

"ಅಂದ್ರೆ ಅವಳು ಇಷ್ಟು ವರ್ಷ ದೀಪ ಇಟ್ಟಿದ್ದು ಮಾರ್ಕುಷನಿಗಾ?"

"ಹೌದು."

"ಆ ಬಾಯಿಬಡುಕನಿಗಾ? ಗಾಡಿ ಮೇಲೆ ಕೂತು ಬೀದಿಬೀದಿಗೆಲ್ಲ ಅಮ್ಮ ಅಕ್ಕ ಅಂತ ಬಯ್ಕೊಂಡು ಹೋಗ್ತಿದ್ದನಲ್ಲ, ಅವನಿಗಾ?"

"ಅವನಿಗೇ."

ವಾಲೆಂಟ್ ಟಬ್ಬಿನ ಅಂಚಿನ ಮೇಲೆ ಕೂತ. "ನೋಡು ಇಂಬ್ರೊ. ಅವಳು ನೆಮ್ಮದಿಯಾಗಿದ್ದಾಳೆ. ಸೋಮವಾರ ಕಲ್ಲು ಕೂರಿಸ್ತಾರೆ, ಮಂಗಳವಾರ ನೀನು ಬಸ್ ಹತ್ತು. ಯಾರಿಗೆ ನಷ್ಟ? ಸತ್ತೋರಿಗೆ ಎಡ ಬಲ ಏನು ಗೊತ್ತಾಗುತ್ತೆ?"

"ಅವಳು ಅಲ್ಲೇ ಮಲಗ್ತಾಳೆ ಕಣೋ, ಮಾರ್ಕುಷನ ಪಕ್ಕ."

"ಸತ್ತ ಮೇಲೆ ತಾನೇ."

ಅವನ ಮಾತು ನನಗೆ ಎಷ್ಟು ಇಷ್ಟವಾಯಿತೆಂದರೆ, ನಾಚಿಕೆಯಾಗುತ್ತದೆ. ಹೇಳದಿರಲು ಕಾರಣಗಳು ಸಾಲುಗಟ್ಟಿ ಬಂದವು. ಮುದುಕಿಗೆ ಆಘಾತವಾದೀತು. ಹಬ್ಬದ ಹೊತ್ತು. ಎಲ್ಲವೂ ಅವಳ ಒಳ್ಳೆಯದಕ್ಕೇ. ಎಲ್ಲ ಕಾರಣಗಳ ಹಿಂದೆ, ಬಾಗಿಲ ಸಂದಿಯಲ್ಲಿ ನಿಂತಂತೆ, ನಿಜವಾದ ಕಾರಣ ನಿಂತಿತ್ತು. ಊರಿಗೆ ಗೊತ್ತಾದರೆ ಭವನದ ಭಿತ್ತಿಪತ್ರದ ಗತಿಯೇನು? ಕ್ಲೆನೊವೊದ ನೆನಪು ಅಂತೆ. ಮನೆಗೆ ದಾರಿ ತಪ್ಪುವವನು.

ಮರುದಿನ ಮಧ್ಯಾಹ್ನ ಊರಿಗೆ ಊರೇ ಸ್ಮಶಾನದಲ್ಲಿತ್ತು. ಸೇವಂತಿಗೆಯ ಕುಂಡಗಳು, ಕೆಂಪು ಬಿಳಿ ಗಾಜಿನ ದೀಪಗಳು, ಮೇಣದ ವಾಸನೆ. ಸತ್ತವರ ನೆಪದಲ್ಲಿ ಬದುಕಿದವರೆಲ್ಲ ಒಬ್ಬರ ಕೋಟನ್ನು ಒಬ್ಬರು ನೋಡುತ್ತಿದ್ದರು. ನಾನು ಅಪ್ಪ ಅಮ್ಮನ ಕಲ್ಲಿನ ಮುಂದೆ ದೀಪ ಹಚ್ಚಿ, ಸದ್ದಿಲ್ಲದೆ ಜಾರಿಕೊಳ್ಳೋಣವೆಂದು ಬಾಗಿಲ ಕಡೆ ಹೊರಟೆ. ಯಾಲ್ಜಕ್ಕ ಎದುರಿಗೆ ಬಂದಳು. ಒಂದು ಕೈಯಲ್ಲಿ ಕುಂಡ, ಇನ್ನೊಂದರಲ್ಲಿ ದೀಪಗಳ ಚೀಲ.

"ಒಳ್ಳೆ ಹೊತ್ತಿಗೆ ಸಿಕ್ಕಿದೆ. ಹಿಡ್ಕೋ," ಎಂದು ಕುಂಡವನ್ನು ನನ್ನ ಎದೆಗೆ ಒತ್ತಿದಳು. "ಶಿಲುಬೆ ಹೊತ್ತೋನಿಗೆ ಇದೇನು ಭಾರ ಅಲ್ಲ."

ಅವಳ ಹಿಂದೆ ನಡೆದೆ. ಅವಳು ದಾರಿಯುದ್ದಕ್ಕೂ ಮಾತಾಡುತ್ತಿದ್ದಳು. ಕಲ್ಲು ಕಪ್ಪಂತೆ, ಅಕ್ಷರ ಬಿಳಿಯಂತೆ, ಹುಟ್ಟಿದ ವರ್ಷ ಬರೆಯಬೇಕೋ ಬೇಡವೋ ಎಂದು ಯೋಚನೆಯಂತೆ. ಜಾಲಿಮರಗಳ ಕೊನೆಯ ಜೋಡಿಯ ಹತ್ತಿರ ಎಡಕ್ಕೆ ತಿರುಗಿದಳು. ಅಲ್ಲಿ ಬಿಳಿ ಬೆಣಚುಕಲ್ಲುಗಳನ್ನು ಜೋಡಿಸಿ ಪುಟ್ಟ ಚೌಕ ಮಾಡಿದ್ದಳು, ಮಗುವಿನ ಮಂಚದಷ್ಟು. ಒಳಗೆ ಒಂದೇ ಒಂದು ಕಳೆಯೂ ಇರಲಿಲ್ಲ. ಅಂಚಿನಲ್ಲಿ ಕೂರಲು ಒಂದು ಮರದ ತುಂಡು, ಕೂತು ಕೂತು ನಡುವೆ ಸವೆದಿತ್ತು. ನನ್ನ ಯಾವ ಚಿತ್ರಕ್ಕೂ ನಾನು ಅಷ್ಟು ದುಡಿದಿಲ್ಲ.

ಅವಳು ತುಂಡಿನ ಮೇಲೆ ಕೂತು ಒಂದೊಂದೇ ದೀಪ ಹೊತ್ತಿಸಿದಳು, ಆರು.

"ಕುಂಡ ಇಡೋ. ಯಾಕೆ ತಬ್ಕೊಂಡು ನಿಂತಿದ್ದೀಯ?"

"ಯಾಲ್ಜಕ್ಕ," ಎಂದೆ. "ಆ ಪಾದ್ರಿ ಎಡಚ ಅಲ್ಲ."

"ಯಾವ ಪಾದ್ರಿ?"

"ಚಿತ್ರದಲ್ಲಿರೋನು. ಅವನು ಬಲಗೈಯಲ್ಲೇ ತೀರ್ಥ ಹಾಕಿದ್ದು. ಗಾಜು ತಿರುಗಿಸಿದಾಗ ಎಡಗೈ ಆಯ್ತು."

"ಅದು ಊರಿಗೇ ಗೊತ್ತಲ್ಲ. ವಾಲೆಂಟ್ ನಿನ್ನೆ ಹೇಳಿದ."

"ಬರೀ ಕೈ ತಿರುಗೋಲ್ಲ ಅಕ್ಕ. ಎಲ್ಲಾನೂ ತಿರುಗುತ್ತೆ. ದಾರಿಯ ಬಲಕ್ಕಿದ್ದದ್ದೂ ಎಡಕ್ಕೆ ಬರುತ್ತೆ."

ಅವಳ ಕೈಯಲ್ಲಿದ್ದ ಬೆಂಕಿಕಡ್ಡಿ ಉರಿದು ಬೆರಳ ತನಕ ಬಂತು. ಅವಳು ಅದನ್ನು ನಿಧಾನವಾಗಿ ಬೆಣಚುಕಲ್ಲಿಗೆ ಒತ್ತಿ ಆರಿಸಿದಳು. ನಾನು ಕುಂಡ ಕೆಳಗಿಟ್ಟು ಗಾಳಿಯ ವಿಷಯ ಹೇಳಿದೆ, ನದಿ ಯಾವ ಕಡೆ, ನಾನು ಯಾವ ಕಡೆ ಮುಖ ಮಾಡಿ ನಿಂತಿದ್ದೆ, ಕಣ್ಣಲ್ಲಿ ಯಾಕೆ ನೀರು ಬಂತು, ಎಲ್ಲ ಹೇಳಿದೆ. ಅವಳು ನನ್ನನ್ನು ನೋಡಲಿಲ್ಲ. ಸೇವಂತಿಗೆಯನ್ನು ನೋಡುತ್ತಿದ್ದಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ನಿನ್ನೆ."

"ಇಷ್ಟು ವರ್ಷ ಗೊತ್ತಿರಲಿಲ್ವಾ?"

"ನೀನು ಆ ಪುಟ ಇಟ್ಕೊಂಡಿದ್ದೀಯ ಅಂತಾನೇ ನಂಗೆ ಗೊತ್ತಿರಲಿಲ್ಲ. ನಿನ್ನ ಕಂಡ್ರೆ ಓಡ್ತಿದ್ದೆ. ನಿನ್ನ ಮಗೂನ ಬರ್ದು ನಾನು ದೊಡ್ಡ ಮನುಷ್ಯ ಆದೆ, ಒಂದ್ಸಲಾನೂ ಬಂದು ಕೇಳ್ಲಿಲ್ಲ. ಬಯ್ಯಿ ಯಾಲ್ಜಕ್ಕ. ಬೈದ್ರೆ ನಂಗೆ ಹಗುರ ಆಗುತ್ತೆ."

"ಹಗುರ ಆಗೋಕೆ ಬಂದ್ಯಾ ಇಲ್ಲಿ?"

ದಾರಿಯಲ್ಲಿ ಹೋಗುತ್ತಿದ್ದವರು ನಮಗೆ ಹಬ್ಬದ ನಮಸ್ಕಾರ ಹೇಳಿದರು. ಯಾಲ್ಜಕ್ಕ ತಲೆಯಾಡಿಸಿದಳು. ಅವರು ದಾಟಿಹೋಗುವ ತನಕ ಕಾದು ಕೇಳಿದಳು.

"ಹಾಗಾದ್ರೆ ಇಲ್ಲಿರೋದು ಮಾರ್ಕುಷ್."

"ಹೌದಕ್ಕ."

"ಇವನ ಹತ್ರ ಎಷ್ಟು ಗುಟ್ಟು ಹೇಳಿದ್ದೀನೋ. ಜೋಗುಳಾನೂ ಹಾಡಿದ್ದೀನಿ," ಎಂದಳು. ಅವಳ ಮುಖದಲ್ಲಿ ನಗು ಬಂತೋ ಬೇರೇನೋ ಬಂತೋ ನನಗೆ ತಿಳಿಯಲಿಲ್ಲ. "ಎಲ್ಲಿ, ಕೈ ಕೊಡು. ಎಬ್ಬಿಸು."

ಎಬ್ಬಿಸಿದೆ. ಅವಳ ಮೈಯಲ್ಲಿ ಭಾರವೇ ಇರಲಿಲ್ಲ, ಆದರೆ ನನ್ನ ತೋಳನ್ನು ಹಿಡಿದ ಹಿಡಿತ ನೋವಾಗುವಷ್ಟು ಬಿಗಿಯಾಗಿತ್ತು. ದಾರಿಯ ಅಂಚಿಗೆ ಬಂದು ನಿಂತಳು. ಎದುರಿನ ಜಾಲಿಮರದ ಬುಡದಲ್ಲಿ ಹುಲ್ಲು ಒತ್ತಾಗಿ ಬೆಳೆದಿತ್ತು. ಯಾರೋ ಅಲ್ಲಿ ಒಣಗಿದ ಹೂಮಾಲೆಗಳನ್ನು ಎಸೆದಿದ್ದರು.

"ಅಲ್ಲಾ?"

"ಅಲ್ಲೇ."

"ಸರಿಯಾಗಿ ನೋಡಿ ಹೇಳು. ಇನ್ನೊಂದ್ಸಲ ತಿರುಗಿಸ್ಬೇಡ."

"ಅಲ್ಲೇ ಅಕ್ಕ. ಆ ಮರದ ಬುಡ."

ದಾರಿ ದಾಟಿದೆವು. ನಾಲ್ಕು ಹೆಜ್ಜೆ. ಅವಳ ಹೆಜ್ಜೆಯಲ್ಲಿ ಐದು. ಅವಳು ಬಗ್ಗಿ ಒಣಹೂಮಾಲೆಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟಳು, ನನಗೆ ಕೈ ಹಾಕಲು ಬಿಡಲಿಲ್ಲ. ಆಮೇಲೆ ಮರಕ್ಕೆ ಕೈ ಊರಿ, ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದು, ಒದ್ದೆ ಹುಲ್ಲಿನ ಮೇಲೆ ಕೂತಳು. ಹಬ್ಬದ ಕಪ್ಪು ಲಂಗ ಕೆಸರಾಯಿತು. ಅಂಗೈಯನ್ನು ನೆಲದ ಮೇಲಿಟ್ಟಳು. ಆಚೆ ಪಕ್ಕ ಉರಿಯುತ್ತಿದ್ದ ದೀಪಗಳನ್ನು ಒಮ್ಮೆ ತಿರುಗಿ ನೋಡಿದಳು, ಆ ಸವೆದ ತುಂಡನ್ನೂ ನೋಡಿದಳು. ಅದರ ಮೇಲೆ ಕೂತವರ ಬೆನ್ನು ಈ ಮರದ ಕಡೆಗೇ ಇರುತ್ತದೆ.

"ಇಲ್ಲೇ ಇದ್ದೆ ಕಣೇ ಲೆನ್ಕ," ಎಂದಳು, ಪಕ್ಕದ ಕೋಣೆಯಲ್ಲಿರುವ ಮಗುವಿಗೆ ಹೇಳುವಂತೆ. "ಎಲ್ಲೂ ಹೋಗಿರ್ಲಿಲ್ಲ. ಬೆನ್ನು ಹಾಕಿ ಕೂತಿದ್ದೆ ಅಷ್ಟೆ. ಗೊತ್ತಾಗ್ಲಿಲ್ಲ."

ನಾನು ಅತ್ತುಬಿಟ್ಟೆ. ಐವತ್ತೆರಡು ವರ್ಷದ ಹಿಂದೆ ಕಣ್ಣೀರಿನ ತಪ್ಪನ್ನು ಗಾಳಿಯ ಮೇಲೆ ಹಾಕಿದ್ದೆ, ಈ ಸಲ ಹಾಕಲಾಗಲಿಲ್ಲ. ಗಾಳಿಯೇ ಇರಲಿಲ್ಲ. ಊರಿನವರು ನಿಂತು ನೋಡತೊಡಗಿದರು. ಸಮಾಧಿಗಳ ನಡುವೆ ವಾಲೆಂಟ್ ಬರುತ್ತಿದ್ದ, ಫಾದರ್ ದಾಮ್ಯಾನ್ ಬರುತ್ತಿದ್ದರು. ಇನ್ನು ಹೊತ್ತು ಮುಳುಗುವಷ್ಟರಲ್ಲಿ ಮನೆಮನೆಗೂ ಸುದ್ದಿ ತಿಳಿಯುತ್ತದೆ. ತಿಳಿಯಲಿ ಎನ್ನಿಸಿತು.

ಯಾಲ್ಜಕ್ಕ ತಲೆವಸ್ತ್ರದ ತುದಿಯಿಂದ ಮೂಗೊರೆಸಿಕೊಂಡು ನನ್ನ ಕಡೆ ನೋಡಿದಳು.

"ಅತ್ತಿದ್ದು ಸಾಕು. ಹೋಗಿ ದೀಪ ತಗೊಂಡು ಬಾ. ಕುಂಡಾನೂ ತಾ."

ದಾರಿ ದಾಟಿ ಹೋದೆ. ಕುಂಡವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಿಸಿ ಗಾಜುಗಳನ್ನು ಒಂದೊಂದಾಗಿ ಬುಟ್ಟಿಯಂತೆ ಹಿಡಿದ ಟೋಪಿಯೊಳಗೆ ಇಟ್ಟುಕೊಳ್ಳತೊಡಗಿದೆ. ಐದಾದವು. ಆರನೆಯದಕ್ಕೆ ಕೈ ಹಾಕಿದಾಗ ಅವಳು ಆಚೆಯಿಂದ ಕೂಗಿದಳು.

"ಅದೊಂದು ಅಲ್ಲೇ ಇರ್ಲಿ ಬಿಡೋ. ಅವನಿಗೂ ಅಭ್ಯಾಸ ಆಗಿಹೋಗಿರುತ್ತೆ."